ಕೆಂಪು ಬೆಳಕಿನಲ್ಲಿ ತೆಗೆದ ಮರಳು

ಮರಳಿನ ಕಣಕ್ಕೆ ವಯಸ್ಸಾಗುವುದು ಕತ್ತಲೆಯಲ್ಲಿ ಮಾತ್ರ. ಬಿಸಿಲು ಬಿದ್ದರೆ ಅದು ಮತ್ತೆ ಕೂಸಾಗುತ್ತದೆ. ನಮ್ಮ ಇಡೀ ಕೆಲಸ ಈ ಎರಡು ಮಾತಿನ ಮೇಲೆ ನಿಂತಿದೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭೂಮಿಯೊಳಗಿನ ಮಣ್ಣಿನಲ್ಲಿ, ಕಲ್ಲಿನಲ್ಲಿ ತುಸು ವಿಕಿರಣ ಇದ್ದೇ ಇರುತ್ತದೆ. ಹೂತುಹೋದ ಕಣದ ಒಳಗೆ ಕಣ್ಣಿಗೆ ಕಾಣದ ಕುಳಿಗಳಿವೆ ಎಂದುಕೊಳ್ಳಿ. ಆ ಕುಳಿಗಳಲ್ಲಿ ವಿಕಿರಣದ ಶಕ್ತಿ ಹನಿಹನಿಯಾಗಿ ತುಂಬಿಕೊಳ್ಳುತ್ತ ಹೋಗುತ್ತದೆ. ಬೆಳಕು ತಾಗಿತೋ, ಎಲ್ಲ ಖಾಲಿ. ಹೀಗಾಗಿ ಕುಳಿಗಳು ಎಷ್ಟು ತುಂಬಿವೆ ಎಂದು ಅಳೆದರೆ ಆ ಕಣ ಕೊನೆಯ ಸಲ ಬೆಳಕು ಕಂಡು ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಹಳೆಯ ಯಂತ್ರಗಳು ಲಕ್ಷ ವರ್ಷ ಎಂದರೆ ಐದಾರು ಸಾವಿರ ವರ್ಷ ಹೆಚ್ಚುಕಡಿಮೆ ಹೇಳುತ್ತಿದ್ದವು. ನಮ್ಮ ಯಂತ್ರ ಕುಳಿಗಳನ್ನು ಒಂದೊಂದಾಗಿ ಎಣಿಸುತ್ತದೆ. ಹೆಚ್ಚುಕಡಿಮೆ ಆದರೆ ಎರಡು ಮೂರು ವರ್ಷ. ಆದರೆ ಅಳೆಯಲಿಕ್ಕೂ ಕಣದ ಮೇಲೆ ಬೆಳಕು ಹಾಯಿಸಲೇಬೇಕು. ಒಮ್ಮೆ ಓದಿದ ಕಣವನ್ನು ಎರಡನೇ ಸಲ ಓದಲು ಬರುವುದಿಲ್ಲ.

ಇಷ್ಟನ್ನೂ ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಅನುಮಾನ ನನಗಿದೆ. ಭೌತಶಾಸ್ತ್ರವನ್ನು ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ, ಹಗಲು ದುಡಿದು, ಅರ್ಧ ನಿದ್ದೆಗಣ್ಣಿನಲ್ಲಿ. ಇವತ್ತಿಗೂ ಒಂದು ಕೊಳವೆಯ ಸಂಖ್ಯೆಯನ್ನು ಮೂರು ಸಲ ಓದದೆ ಕೆಳಗಿಡುವುದಿಲ್ಲ.

ನಮ್ಮ ಪ್ರಯೋಗಾಲಯ ಇರುವುದು ರಾಯಚೂರು ಸೀಮೆಯ ಒಂದು ಮುಚ್ಚಿದ ಚಿನ್ನದ ಗಣಿಯ ತಳದಲ್ಲಿ. ಆಕಾಶದಿಂದಲೂ ವಿಕಿರಣ ಬೀಳುತ್ತದೆ. ಅದು ಎಣಿಕೆಯನ್ನು ಕೆಡಿಸುತ್ತದೆ. ಅಷ್ಟು ಕಲ್ಲು ತಲೆಯ ಮೇಲಿದ್ದರೆ ಅದರ ಕಾಟವಿಲ್ಲ. ಹಿಂದೆ ಗಣಿ ಕಾರ್ಮಿಕರು ಇಳಿಯುತ್ತಿದ್ದ ಕೇಜಿನಲ್ಲೇ ನಾವೂ ಇಳಿಯುತ್ತೇವೆ. ಕೆಳಗೆ ಮರಳು ಬಿಚ್ಚುವ ಕೋಣೆಯಲ್ಲಿ ಉರಿಯುವುದು ಒಂದೇ ಬಗೆಯ ದೀಪ, ಕಡುಗೆಂಪು. ಆ ಬೆಳಕು ಕಣಗಳನ್ನು ಕೆಡಿಸುವುದಿಲ್ಲ. ಬಿಳಿ ದೀಪವೂ ಇದೆ, ಗುಡಿಸಿ ಒರೆಸುವ ದಿನಕ್ಕೆಂದು. ಅದರ ಸ್ವಿಚ್ಚಿಗೆ ಮುಚ್ಚಳವಿದೆ.

ನನ್ನ ಗಂಡ ಪಂಪಾಪತಿ ಇದೇ ಪ್ರಯೋಗಾಲಯದವರು. ನಾನು ಕೆಳಗೆ ಕೂತು ಮರಳು ಬಿಚ್ಚುವವಳು, ಅವರು ಹೋಗಿ ಮರಳು ತರುವವರು. ಅಂಟಾರ್ಕ್ಟಿಕಾದ ಹಿಮದ ಹೊದಿಕೆ ಹಿಂದೊಮ್ಮೆ, ಒಂದೂಕಾಲು ಲಕ್ಷ ವರ್ಷದ ಹಿಂದೆ, ಅಂಚಿನಿಂದ ಬಹಳ ಒಳಕ್ಕೆ ಸರಿದಿತ್ತು, ಆಮೇಲೆ ಮತ್ತೆ ಮುಂದೆ ಬಂದು ಎಲ್ಲವನ್ನೂ ಮುಚ್ಚಿತು ಎಂಬುದು ತಿಳಿದ ವಿಷಯವೇ. ತಿಳಿಯದಿದ್ದದ್ದು ಒಂದು: ಹಾಗೆ ಸರಿಯಲು ಅದಕ್ಕೆ ಎಷ್ಟು ಕಾಲ ಹಿಡಿಯಿತು? ಸಾವಿರಾರು ವರ್ಷವೇ, ನೂರೇ? ಸರಿಯುವ ಹಿಮದ ಅಂಚಿನಿಂದ ಹರಿದ ನೀರು ವರ್ಷವರ್ಷವೂ ಮರಳು ಹಾಸುತ್ತ ಹೋಗಿರುತ್ತದೆ. ಅಂಥ ಮರಳಿನ ಪದರು ಎಲ್ಲಾದರೂ ಕೆಡದೆ ಉಳಿದಿದ್ದರೆ, ತಳದ ಕಣಕ್ಕೂ ಮೇಲಿನ ಕಣಕ್ಕೂ ಇರುವ ಅಂತರವೇ ಉತ್ತರ. ಈಗ ಹಿಮ ಮತ್ತೆ ಸರಿಯುತ್ತಿದೆ. ಕಡಲು ಏರುತ್ತಿದೆ. ಕಾರವಾರದಿಂದ ಮಂಗಳೂರಿನವರೆಗೆ ಯಾರು ಮನೆ ಬಿಡಬೇಕು, ಮಕ್ಕಳ ಕಾಲಕ್ಕೋ ಮರಿಮಕ್ಕಳ ಕಾಲಕ್ಕೋ ಎಂಬುದು ಆ ಅಂತರದ ಮೇಲೆ ನಿಂತಿತ್ತು.

ಒಂಬತ್ತು ವರ್ಷದ ಹಿಂದೆ, ಮರಳು ಹುಡುಕುತ್ತ ಹೊರಟ ದಿನ, ಹಿಮದ ಬಿರುಕಿನ ಮೇಲೆ ಕಟ್ಟಿದ್ದ ಮಂಜಿನ ಪದರು ಕುಸಿದು ಪಂಪಾಪತಿ ಒಳಗೆ ಬಿದ್ದರು. ತಂಡದ ಮುಖಂಡರು ಮಾಚಯ್ಯ, ಕೊಡಗಿನವರು, ಸೈನ್ಯದಲ್ಲಿ ಪರ್ವತ ಹತ್ತುವುದನ್ನು ಕಲಿಸುತ್ತಿದ್ದವರು. ಬಿರುಕು ಕೆಳಗೆ ಹೋಗಿ ಪಕ್ಕಕ್ಕೆ ತಿರುಗಿತ್ತು. ಹಗ್ಗ ಕಟ್ಟಿಕೊಂಡು ಎರಡು ಸಲ ಇಳಿದ ಅವರು ಎದೆಗೂಡು ಸಿಕ್ಕಿಕೊಂಡು ವಾಪಸು ಬಂದರು. ಕೆಳಗೆಲ್ಲೋ ನೀರು ಭೋರ್ಗರೆಯುತ್ತಿದ್ದುದರಿಂದ ಕೂಗಿದ್ದು ಕೇಳುವಂತಿರಲಿಲ್ಲ. ಅಲ್ಲಿ ಬೇಸಿಗೆ, ಸೂರ್ಯ ಮುಳುಗುವುದೇ ಇಲ್ಲ. ಹಾಗಾಗಿ ಬಿರುಕಿನ ಬಾಯಿಗೆ ಕರಿ ಟಾರ್ಪಾಲು ಹೊದಿಸಿ, ಅದರೊಳಗೆ ತಲೆ ಹಾಕಿ, ಪಾಳಿಯ ಮೇಲೆ ಕೆಳಗೆ ನೋಡುತ್ತಿದ್ದರಂತೆ. ಹಿಮದಲ್ಲಿ ಬೆಳಕು ದೂರ ಹರಿಯುತ್ತದೆ. ಒಳಗಿರುವ ಮನುಷ್ಯ ಸಣ್ಣ ಬ್ಯಾಟರಿ ಹಚ್ಚಿದರೂ ಗೋಡೆಯೆಲ್ಲ ನೀಲಿಯಾಗಿ ಹೊಳೆಯುತ್ತದೆ. ಮೂರು ದಿನ ನೋಡಿದರು. ಹೊಳೆಯಲಿಲ್ಲ. ಬಿರುಗಾಳಿ ಬರುವುದಿತ್ತು. ಉಳಿದವರ ಜೀವ ನೋಡಬೇಕಾಗಿತ್ತು. ಹೊರಟುಬಂದರು.

ಮಾಚಯ್ಯನವರು ನೇರ ನಮ್ಮ ಮನೆಗೆ ಬಂದು ಇದನ್ನೆಲ್ಲ ನನ್ನ ಅತ್ತೆಯ ಮುಂದೆ ಹೇಳಿದರು. ಅತ್ತೆ ಹಂಪಮ್ಮ ಗಣಿ ಕಾರ್ಮಿಕನ ಹೆಂಡತಿ. ಗಣಿಯಲ್ಲಿ ಸಿಕ್ಕಿಬಿದ್ದವನು ಏನು ಮಾಡಬೇಕು ಎಂಬುದು ಆ ಓಣಿಯ ಹೆಂಗಸರಿಗೆಲ್ಲ ಬಾಯಿಪಾಠ: ಪೈಪು ಬಡಿ, ದೀಪ ಆರಿಸಬೇಡ. ಅವರು ಅಳಲಿಲ್ಲ. "ಬದುಕಿದ್ದರ ಬ್ಯಾಟರಿ ಹಚ್ತಿದ್ದ. ಹಚ್ಚಿಲ್ಲಂದ್ರ ಬಿದ್ದ ಕೂಡ್ಲೇ ಹೋಗ್ಯಾನ. ಒದ್ದಾಡಿಲ್ಲ," ಎಂದರು. ಒಂಬತ್ತು ವರ್ಷ ಅವರು ಉಂಡದ್ದು, ಮಲಗಿದ್ದು, ಎದ್ದದ್ದು ಈ ಮಾತಿನ ಮೇಲೆ. ನಾನೂ ಅದರ ಮೇಲೆಯೇ.

ಮಾಚಯ್ಯನವರು ಪ್ರತಿ ವರ್ಷ ಬರತೊಡಗಿದರು. ಮೊದಲ ವರ್ಷ ತಪ್ಪು ಮಾಡಿದವರ ಹಾಗೆ ಬಾಗಿಲಲ್ಲೇ ನಿಂತಿದ್ದರು. ಅತ್ತೆ ಅವರನ್ನು ಒಳಗೆ ಕೂರಿಸಿ ರೊಟ್ಟಿ ಬಡಿದು ಹಾಕಿದರು. ಆಮೇಲೆ ಅವರು ಮಾಚಪ್ಪ ಆದರು. ಮದುವೆಯಾಗದೆ ಉಳಿದದ್ದಕ್ಕೆ ಬೈಸಿಕೊಳ್ಳುವ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೋಗುವ, ಮನೆಯ ಇನ್ನೊಬ್ಬ ಮಗ.

ಈ ವರ್ಷ ಹಿಮ ಇನ್ನಷ್ಟು ಕರಗಿ ಆ ಬಿರುಕಿನ ತಳ ಪಕ್ಕದಿಂದ ತೆರೆದುಕೊಂಡಿತು. ಬೇರೊಂದು ತಂಡ ಒಳಹೊಕ್ಕಿತು. ಪಂಪಾಪತಿ ಸಿಕ್ಕರು. ಪೆಟ್ಟಿಗೆ ಮುಚ್ಚಿಯೇ ಬಂತು, ತೆರೆಯಬೇಡಿ ಎಂದು ಹೇಳಿ ಕಳಿಸಿದ್ದರು. ಮಠದ ಹಿಂದಿನ ಜಾಗದಲ್ಲಿ ಹೂತೆವು. ಅತ್ತೆ ವಿಭೂತಿ ಗಟ್ಟಿ ಹಾಕಿ ಮನೆಗೆ ಬಂದು, ಇವತ್ತಿಗೆ ಅಂವ ಊರಿಗೆ ಬಂದ ಎಂದು ಮಲಗಿಬಿಟ್ಟರು. ಅಷ್ಟು ಗಾಢವಾಗಿ ಅವರು ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಪೆಟ್ಟಿಗೆಯ ಬೆನ್ನಿಗೇ ಅವರ ಚೀಲದಲ್ಲಿದ್ದ ಉಕ್ಕಿನ ಕೊಳವೆಗಳು ಪ್ರಯೋಗಾಲಯಕ್ಕೆ ಬಂದವು. ನಮ್ಮ ಮುಖ್ಯಸ್ಥೆ ಡಾ. ಫರ್ಹತ್ ಜಾಗೀರದಾರ್, ನಾವೆಲ್ಲ ಮೇಡಮ್ ಎನ್ನುವವರು, ಈ ಕೆಲಸವನ್ನು ಬೇರೆಯವರಿಗೆ ಕೊಡುತ್ತೇನೆ ಎಂದರು. ಬೇಡ ಎಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಹಾಗಿದ್ದರೆ ನಾನೂ ಜೊತೆಗಿರುತ್ತೇನೆ ಎಂದರು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ.

ಕೆಂಪು ದೀಪದಡಿ ಮೊದಲ ಕೊಳವೆ ಕೈಗೆತ್ತಿಕೊಂಡೆ. ಕೊಳವೆಗೆ ಮರಳು ತುಂಬಿದ ಮೇಲೆ ಎರಡೂ ಬಾಯಿಗೆ ಮುಚ್ಚಳ ಹಾಕಿ, ಮೇಣ ಹಚ್ಚಿ, ಕರಿ ಬಟ್ಟೆ ಸುತ್ತಿ ಗಂಟು ಹಾಕಬೇಕು. ಗಂಟು ಯಾವಾಗಲೂ ತಳದ ಕಡೆಗೆ. ಕತ್ತಲಲ್ಲಿ ಮುಟ್ಟಿದರೆ ಯಾವ ತುದಿ ಯಾವುದೆಂದು ತಿಳಿಯಲಿ ಎಂದು. ಪಂಪಾಪತಿ ಹಾಕುತ್ತಿದ್ದದ್ದು ಬುತ್ತಿಯ ಗಂಟು, ಹೊಲಕ್ಕೆ ರೊಟ್ಟಿ ಒಯ್ಯುವಾಗ ಕಟ್ಟುವಂಥದ್ದು. ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ನನ್ನ ಬೆರಳು ಆ ತುದಿ ಹುಡುಕಿಕೊಂಡು ಎಳೆಯಿತು.

ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಕೈ ಹಾಕಿದಾಗ ನಿಂತೆ.

ಆ ದಿನ ಅವರು ಹೊರಟದ್ದು ಮರಳು ಹುಡುಕಲು. ಇನ್ನೂ ಸಿಕ್ಕಿರಲಿಲ್ಲ. ಚೀಲದಲ್ಲಿದ್ದವು ಖಾಲಿ ಕೊಳವೆಗಳು. ಮಾಚಯ್ಯನವರು ಎಷ್ಟೋ ಸಲ ಹೇಳಿದ್ದರು, ಚೀಲ ಹಗುರವಾದ್ದರಿಂದ ಪಂಪಾಪತಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ ಎಂದು. ಹಾಗಾದರೆ ಈ ಮರಳು ತುಂಬಿದವರು ಯಾರು? ಯಾವಾಗ?

ನನಗೆ ತಪ್ಪು ತಿಳಿಯುತ್ತಿದೆ ಎಂದುಕೊಂಡೆ. ಬೇರೆ ದಿನದ ಕೊಳವೆ ಬೆರೆತಿರಬೇಕು, ಈಗಿನ ತಂಡದವರೇ ತುಂಬಿರಬೇಕು. ಆದರೆ ಗಂಟು ಅವರದೇ. ಉಳಿದವನ್ನು ಮುಟ್ಟಿ ನೋಡಿದೆ. ಮೊದಲಿನವು ಬಿಗಿಯಾಗಿದ್ದವು. ಆಮೇಲಿನವು ಸಡಿಲ, ಬೆರಳು ಮಡಚಲು ಬರದವರು ಕಟ್ಟಿದ ಹಾಗೆ. ಕೊನೆಯದಕ್ಕೆ ಗಂಟೇ ಇರಲಿಲ್ಲ. ಬಟ್ಟೆಯನ್ನು ಸುತ್ತಿ ತುದಿಯನ್ನು ಒಳಕ್ಕೆ ಸಿಕ್ಕಿಸಿದ್ದರು.

ಮೇಡಮ್ ನನ್ನ ಹಿಂದೆ ನಿಂತಿದ್ದರು. ಅವರಿಗೆ ಮೊದಲೇ ಗೊತ್ತಿತ್ತು. ಸಿಕ್ಕ ಜಾಗದ ಚಿತ್ರಗಳನ್ನು ಅವರು ನೋಡಿದ್ದರು. ಅವತ್ತು ಅವರು ಒಂದೊಂದಾಗಿ, ನನಗೆ ಉಸಿರು ಬಿಡಲು ಸಮಯ ಕೊಡುತ್ತ ಹೇಳಿದರು. ಪಂಪಾಪತಿಯ ಕಾಲು ಮುರಿದಿತ್ತು. ಅವರು ಗೋಡೆಗೆ ಒರಗಿ ಕುಳಿತಿದ್ದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತೇವೆ; ಅವರು ತಾವಾಗಿಯೇ ಕುಳಿತಿದ್ದರು. ಒರಗಿದ್ದ ಗೋಡೆ ಹಿಮದ್ದಲ್ಲ, ಮರಳಿನದು. ನಾವು ವರ್ಷಗಟ್ಟಲೆ ಹುಡುಕಿದ ಪದರು ಮರಳು, ತಳದಿಂದ ಮೇಲಿನವರೆಗೆ, ಅವರು ಬಿದ್ದಲ್ಲೇ ಇತ್ತು. ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಸಾಲಾಗಿ ಕೊಳವೆ ಬಡಿದ ತೂತುಗಳಿದ್ದವು. ಹೆಪ್ಪುಗಟ್ಟಿದ ಮರಳಿಗೆ, ಮುರಿದ ಕಾಲಿನಲ್ಲಿ. ಅದು ಒಂದು ದಿನದ ಕೆಲಸವಲ್ಲ.

"ದೀಪ?" ಎಂದೆ.

ಮೇಡಮ್ ಅದನ್ನೂ ಹೇಳಿದರು. ಕೊರಳಲ್ಲಿ ಕೆಂಪು ದೀಪವಿತ್ತು. ಅದರ ಬ್ಯಾಟರಿ ಪೂರ್ತಿ ಮುಗಿದಿತ್ತು. ಹಣೆಗೆ ಕಟ್ಟುವ ಬಿಳಿ ದೀಪ ಚೀಲದ ತಳದಲ್ಲಿತ್ತು. ಎಲ್ಲಿಯಾದರೂ ತಾಗಿ ಹತ್ತಿಕೊಂಡೀತೆಂದು ಅದನ್ನು ಉಣ್ಣೆಯ ಕಾಲುಚೀಲದೊಳಗೆ ಹಾಕಿ ಸುತ್ತಿಟ್ಟಿದ್ದರು.

ನನಗೆ ಇನ್ನೂ ಒಂದು ತಿಳಿಯಲಿಲ್ಲ. ಕೆಂಪೋ ಬಿಳಿಯೋ, ಬೆಳಕು ಬೆಳಕೇ ಅಲ್ಲವೇ, ಮೇಲಿನವರಿಗೆ ಏಕೆ ಕಾಣಲಿಲ್ಲ ಎಂದು ಕೇಳಿದೆ. ಹಿಮ ಯಾಕೆ ನೀಲಿ ಎಂದು ಮೇಡಮ್ ವಿವರಿಸಿದರು. ಹಿಮ ಕೆಂಪನ್ನು ನುಂಗುತ್ತದೆ, ನೀಲಿಯನ್ನು ಬಿಡುತ್ತದೆ. ಬಿಳಿ ಬೆಳಕಿನಲ್ಲಿ ನೀಲಿಯ ಪಾಲಿರುವುದರಿಂದ ಅದು ಮೇಲಿನವರೆಗೆ ಬರುತ್ತಿತ್ತು. ಕೆಂಪು ದೀಪ ಎಷ್ಟು ಹೊತ್ತು ಉರಿದರೂ ಕೆಲವು ಮಾರು ದಾಟುವುದರೊಳಗೆ ಸತ್ತುಹೋಗುತ್ತದೆ. ಮೇಲೆ ಅವರು ಟಾರ್ಪಾಲಿನೊಳಗೆ ತಲೆಯಿಟ್ಟು ನೋಡುತ್ತಿದ್ದಾಗ ಕೆಳಗೆ ದೀಪ ಉರಿಯುತ್ತಲೇ ಇತ್ತು.

ನಾನು ನಾಲ್ಕನೆಯ ಕೊಳವೆ ಬಿಚ್ಚಿದೆ. ಯಾವತ್ತಿನ ಹಾಗೆ ಸಂಖ್ಯೆಯನ್ನು ಮೂರು ಸಲ ಓದಿ ಕೆಳಗಿಟ್ಟೆ.

ಮರಳನ್ನು ಯಂತ್ರ ಓದುತ್ತ ಹೋಯಿತು. ಅಷ್ಟು ಶುದ್ಧವಾದ ಮರಳನ್ನು ನಮ್ಮ ಪ್ರಯೋಗಾಲಯ ಕಂಡಿರಲಿಲ್ಲ. ನಡುವೆ ಬೆಳಕು ತಾಗಿದ ಕಣ ಒಂದೂ ಸಿಗಲಿಲ್ಲ. ತಳದ ಪದರಿನಿಂದ ಮೇಲಿನ ಪದರಿಗೆ ಅಂತರ ಅರವತ್ತು ವರ್ಷಕ್ಕಿಂತ ತುಸು ಹೆಚ್ಚು. ನಾನು ಲೆಕ್ಕದಲ್ಲಿ ಸೊನ್ನೆ ಬಿಟ್ಟಿದ್ದೇನೆಂದು ಮತ್ತೆ ಮತ್ತೆ ತಾಳೆ ನೋಡಿದೆ. ಅಷ್ಟು ದೊಡ್ಡ ಹಿಮದ ಹೊದಿಕೆ ಒಬ್ಬ ಮನುಷ್ಯನ ಆಯುಷ್ಯದೊಳಗೆ ಸರಿದುಹೋಗಿತ್ತು.

ಸುದ್ದಿ ಹೊರಗೆ ಹೋಗುವ ಮೊದಲು ಸರ್ಕಾರದ ಸಮಿತಿಯ ಮುಂದೆ ವಿಚಾರಣೆ ಇತ್ತು. ನಾವು ಗಣಿಯ ಮೇಲಿನ ಕೋಣೆಯಲ್ಲಿ ಕೂತು ಪರದೆಯ ಮೂಲಕ ಉತ್ತರ ಕೊಡುತ್ತಿದ್ದೆವು. ಕರಾವಳಿಯವರ ಪರವಾಗಿ ಜಲಜಾ ಕುಂದರ್ ಎಂಬವರು ಕೂತಿದ್ದರು. ಮಲ್ಪೆ ಕಡೆಯ ಶಾಲಾ ಮಾಸ್ತರಿಣಿ, ಮೀನುಗಾರರ ಮನೆಯವರು. ಅವರು ಜೋರು ಮಾಡಲಿಲ್ಲ.

"ನಿಮ್ಮ ಒಂದು ಹಿಡಿ ಮರಳಿಗೆ ನಾವು ಕಡಲು ಬಿಡಬೇಕು ಅಂತ ಹೇಳ್ತಿದ್ದೀರಿ ಅಲ್ವಾ ಮೇಡಮ್," ಎಂದರು. "ಬಿಡುವಾ. ಆದರೆ ಆ ಮನುಷ್ಯನ ಹತ್ರ ಹಣೆಗೆ ಕಟ್ಟುವ ದೀಪ ಇತ್ತು. ಹೊಂಡದೊಳಗೆ ಬಿದ್ದವ ದೀಪ ಹಾಕದೆ ಇರ್ತಾನಾ? ದೀಪ ಹಾಕಿದ್ರೆ ಮರಳು ಹಾಳು ಅಂತ ನೀವೇ ಹೇಳ್ತೀರಿ. ನಾನು ಊರಲ್ಲಿ ಎಂತ ಹೇಳಲಿ?"

ನ್ಯಾಯವಾದ ಪ್ರಶ್ನೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಅದಕ್ಕೆ ಇದ್ದ ಉತ್ತರ ಕಾಲುಚೀಲದಲ್ಲಿ ಸುತ್ತಿದ ದೀಪವೊಂದೇ. ಆ ಉತ್ತರ ಹೇಳಬೇಕಾದರೆ ಪಂಪಾಪತಿ ಬಿದ್ದ ಮೇಲೂ ದಿನಗಟ್ಟಲೆ ಬದುಕಿದ್ದರು, ಆದರೂ ಬಿಳಿ ದೀಪ ಹಚ್ಚಲಿಲ್ಲ ಎಂದು ಎಲ್ಲರೆದುರು ಹೇಳಬೇಕು. ಮೇಡಮ್ ಉತ್ತರಕ್ಕೆ ಒಂದು ವಾರ ಕೇಳಿಕೊಂಡರು.

ಪರದೆ ಆರಿದ ಮೇಲೆ ಅವರು, ನೀವು ಬೇಡ ಎಂದರೆ ನಾನು ಹೇಳುವುದಿಲ್ಲ ಎಂದರು. ಯಂತ್ರದ ಓದಿನ ಬಲದ ಮೇಲೆಯೇ ವಾದಿಸೋಣ, ಒಪ್ಪಿದಷ್ಟು ಒಪ್ಪಲಿ. ಅವರು ಮನಸಾರೆ ಹೇಳಿದರು; ಅದು ನನಗೆ ಇನ್ನಷ್ಟು ಭಾರವಾಯಿತು. ಹೇಳದಿದ್ದರೆ ಅತ್ತೆಯ ಒಂಬತ್ತು ವರ್ಷದ ನೆಮ್ಮದಿ ಉಳಿಯುತ್ತದೆ. ಮಾಚಯ್ಯನವರೂ ಉಳಿಯುತ್ತಾರೆ. ಆದರೆ ಆ ಮರಳನ್ನು ಯಾರೂ ನಂಬದೆ ಹೋದರೆ, ಪಂಪಾಪತಿ ಬಿಳಿ ದೀಪ ಮುಚ್ಚಿಟ್ಟು ಕೂತದ್ದು ಯಾತಕ್ಕೆ? ನಾನು ಮನೆಯಲ್ಲಿ ಮೊದಲು ಹೇಳುತ್ತೇನೆ, ಆಮೇಲೆ ನೀವು ಹೇಳಿ ಎಂದೆ.

ಮಾಚಯ್ಯನವರು ಭಾನುವಾರ ಬಂದರು. ಹೂಳುವಾಗ ಬಂದಿದ್ದರು, ಈಗ ನಾನೇ ಕರೆಸಿದ್ದೆ. ಅತ್ತೆಗೆ ಕಾರಣ ಗೊತ್ತಿರಲಿಲ್ಲ. ಹಿಗ್ಗಿನಿಂದ ರೊಟ್ಟಿ ಬಡಿಯುತ್ತಿದ್ದರು. ಎರಡನೆಯ ರೊಟ್ಟಿಗೇ ಮಾಚಯ್ಯ ಕೈ ಅಡ್ಡ ಹಿಡಿದಾಗ, "ಮಿಲ್ಟ್ರಿಯಾಂವಂತ. ಎರಡು ರೊಟ್ಟಿಗೇ ಬಾವುಟ ಇಳಸ್ತಾನ ನೋಡು," ಎಂದು ನನಗೆ ಹೇಳಿ, ಮೂರನೆಯದನ್ನು ತಟ್ಟೆಗೆ ಒಗೆದರು. ಈ ಊಟವಾದರೂ ಮುಗಿಯಲಿ ಎಂದು ನಾನು ಕಾದೆ. ಎಲೆಯಡಿಕೆ ಮುಂದಿಟ್ಟ ಮೇಲೆ ಹೇಳಿದೆ.

ಹೇಗೆ ಹೇಳಿದೆನೋ ನನಗೆ ನೆನಪಿಲ್ಲ. ಮೊದಲು ಗಂಟಿನ ಮಾತು, ಆಮೇಲೆ ಕೊಳವೆ, ಕುಳಿತಿದ್ದದ್ದು. ವರದಿ ಓದುವವಳ ಹಾಗೆ ಓದಿರಬೇಕು. ದೀಪ ಎಂದ ಕೂಡಲೇ ಮಾಚಯ್ಯ ತಲೆ ಎತ್ತಿ, ಯಾವ ಬಣ್ಣ ಎಂದು ಕೇಳಿದರು. ಕೆಂಪು ಎಂದೆ. ಅವರಿಗೆ ಮುಂದೆ ಹೇಳುವ ಅಗತ್ಯವಿರಲಿಲ್ಲ. ಅವರು ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತ ಕುಳಿತರು. ಅತ್ತೆಗೆ ಬಿಡಿಸಿ ಹೇಳಬೇಕಾಯಿತು. ಹಿಮ ನೀಲಿಯನ್ನು ಬಿಡುತ್ತದೆ, ಕೆಂಪನ್ನು ನುಂಗುತ್ತದೆ ಎಂದು.

ಅತ್ತೆ ಬಹಳ ಹೊತ್ತು ಅಡಿಕೆ ಕತ್ತರಿಸುತ್ತಿದ್ದರು. ಕೊನೆಗೆ ಕೇಳಿದ್ದು ನನ್ನನ್ನಲ್ಲ.

"ಮಾಚಪ್ಪ, ಕೆಂಪು ಮ್ಯಾಲ ಕಾಣಂಗಿಲ್ಲಂತ ಅವಗ ಗೊತ್ತಿತ್ತೇನು?"

ಮಾಚಯ್ಯ ಸುಳ್ಳು ಹೇಳಬಹುದಿತ್ತು. ಹೇಳುತ್ತಾರೆಂದು ನಾನು ಆಸೆಪಟ್ಟೆ. "ಮೊದಲನೇ ದಿನದ ಪಾಠದಲ್ಲೇ ಹೇಳ್ತೇನೆ ಅಮ್ಮ. ಎಲ್ಲರಿಗೂ ಹೇಳ್ತೇನೆ. ಅವನು ಮುಂದಿನ ಸಾಲಲ್ಲಿ ಕೂತಿದ್ದ," ಎಂದರು. ಮತ್ತೆ ಕೈಗಳನ್ನು ನೋಡುತ್ತ ಹೇಳಿದರು: "ಅಲ್ಲಿ, ಆ ಹೊತ್ತಿಗೆ ಅದು ನೆನಪಿಗೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ನೋಡ್ತಾ ಇದ್ದದ್ದು ನೀಲಿಗೆ. ಇನ್ನೊಂದು ದಿನ ಕಾದಿದ್ದರೂ ನೀಲಿಗೇ ಕಾಯ್ತಿದ್ದೆ."

ಅವರು ಎದ್ದರು. ಅತ್ತೆ ತಡೆಯಲಿಲ್ಲ. ಬೈಯಲೂ ಇಲ್ಲ. ಶೇಂಗಾ ಹಿಂಡಿಯ ಡಬ್ಬಿ ಕಟ್ಟಿಟ್ಟದ್ದು ಹಾಗೇ ಉಳಿಯಿತು. ಬಾಗಿಲವರೆಗೆ ಹೋಗಿ ನಾನು ಏನಾದರೂ ಹೇಳಬೇಕೆಂದುಕೊಂಡೆ. ನಿಮ್ಮ ತಪ್ಪಲ್ಲ ಎನ್ನುವುದು ನಿಜ, ಆದರೆ ಬಾಯಿಗೆ ಬರಲಿಲ್ಲ. ಅವರು ಮತ್ತೆ ಬಂದಿಲ್ಲ.

ಮೇಡಮ್ ಸಮಿತಿಗೆ ಉತ್ತರ ಕೊಟ್ಟರು. ಜಲಜಾ ಕುಂದರ್ ಅದನ್ನು ಕೇಳಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು, ಆಯ್ತು, ನಮ್ಮವರಿಗೆ ಹೇಳ್ತೇನೆ ಎಂದಷ್ಟೇ ಅಂದರು. ಮೊದಲ ಊರುಗಳ ಹೆಸರು ಹೊರಬಿತ್ತು. ಪತ್ರಿಕೆಯವರು ನಮ್ಮ ಓಣಿಗೆ ಬಂದರು. ಪಂಪಾಪತಿ ತ್ಯಾಗಿ ಎಂದರು, ಲಕ್ಷಾಂತರ ಮಂದಿಯನ್ನು ಉಳಿಸಿದವರು ಎಂದರು. ಮಠದ ಅಯ್ಯನವರು ಶಾಲು ಹೊದಿಸಲು ಬಂದಾಗ ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವರು ನನ್ನ ಜೊತೆ ಮಾತು ಬಿಡಲಿಲ್ಲ. ಉಪ್ಪು ಸಾಕೇ, ನಲ್ಲಿಗೆ ನೀರು ಬಂತೇ ಎಲ್ಲ ಕೇಳುತ್ತಿದ್ದರು. ಆದರೆ ರಾತ್ರಿ ಅಷ್ಟೊಂದು ಗಾಢವಾಗಿ ಮಲಗಿದ್ದವರು ಈಗ ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ಒಂದು ಬೆಳಿಗ್ಗೆ ಅಕ್ಕಿ ಹಸನು ಮಾಡುತ್ತ, ಕೈ ನಿಲ್ಲಿಸದೆ ಹೇಳಿದರು:

"ಗೊತ್ತಿದ್ದೂ ಬಿಳಿ ದೀಪ ಹಚ್ಚಲಿಲ್ಲಂದ್ರ ಅವಗ ನಮಗಿಂತ ಮರಳು ಹೆಚ್ಚಾಗಿತ್ತು. ಗೊತ್ತಿರಲಿಲ್ಲಂದ್ರ, ದೀಪ ಹಚ್ಚೀನಿ, ಈಗ ಬರ್ತಾರ, ಈಗ ಬರ್ತಾರಂತ ಮ್ಯಾಲ ನೋಡಿಕೋತ ಕುಂತಿದ್ದ. ಎರಡರಾಗ ಯಾವುದು ಹಿಡೀಲಿ ನಾ, ನೀಲಾ?"

ಎರಡನ್ನೂ ನಾನು ತೂಗಿ ನೋಡಿದ್ದೆ. ಒಮ್ಮೊಮ್ಮೆ ಇದು, ಒಮ್ಮೊಮ್ಮೆ ಅದು. ಲಕ್ಷ ವರ್ಷದ ಹಿಂದಿನ ಬೇಸಿಗೆಯನ್ನು ಎರಡು ಮೂರು ವರ್ಷದ ಅಂತರದಲ್ಲಿ ಹೇಳುವ ಯಂತ್ರದ ಪಕ್ಕದಲ್ಲಿ ದಿನವಿಡೀ ಕೂರುತ್ತೇನೆ. ನನ್ನ ಗಂಡನ ಮನಸ್ಸಿನಲ್ಲಿ ಏನಿತ್ತು ಎಂದು ನನಗೆ ತಿಳಿಯದು.

ಅತ್ತೆ ಮತ್ತೆ ಎರಡು ದಿನ ಬಿಟ್ಟು, ಆ ಕೆಂಪು ದೀಪ ಹೇಗಿರುತ್ತದೆ, ಒಮ್ಮೆ ತೋರಿಸು ಎಂದರು. ಮೇಡಮ್ ಇಲ್ಲ ಎನ್ನಲಿಲ್ಲ. ಗಣಿಯ ಮನೆಯಲ್ಲಿ ಬಾಳಿದ್ದರೂ ಅತ್ತೆ ಒಮ್ಮೆಯೂ ಕೆಳಗೆ ಇಳಿದವರಲ್ಲ. ಆಗ ಹೆಂಗಸರನ್ನು ಇಳಿಸುತ್ತಿರಲಿಲ್ಲ. ಕೇಜು ಇಳಿಯುವಾಗ ನನ್ನ ರಟ್ಟೆ ಹಿಡಿದುಕೊಂಡಿದ್ದರು. ಮಾವ ಬದುಕಿದ್ದಾಗ ಇದರ ಸಪ್ಪಳ ಹೇಳುತ್ತಿದ್ದರು, ಹೇಳಿದಷ್ಟು ಕೆಟ್ಟದಾಗಿಲ್ಲ ಎಂದರು.

ಒಂದರ ಹಿಂದೊಂದು ಎರಡು ಬಾಗಿಲು ದಾಟಿ ಕೋಣೆಗೆ ಕರೆದುಕೊಂಡು ಬಂದೆ. ಕೆಂಪು ಬೆಳಕಿಗೆ ಕಣ್ಣು ಒಗ್ಗಲು ಹೊತ್ತು ಹಿಡಿಯುತ್ತದೆ. ಅವರು ನಿಂತಲ್ಲೇ ನಿಂತು ತಮ್ಮ ಅಂಗೈ ನೋಡಿಕೊಂಡರು, ಆಮೇಲೆ ನನ್ನ ಮುಖ ನೋಡಿದರು. ಮೇಜಿನ ಮೇಲೆ ತಟ್ಟೆಯಲ್ಲಿ ಕೊನೆಯ ಕೊಳವೆಯ ಮರಳು ಒಣಗಲು ಹರಡಿತ್ತು, ಗಂಟಿಲ್ಲದೆ ಬಂದ ಕೊಳವೆಯದು. ಅದರ ಒಂದು ಪಾಲನ್ನು ಯಂತ್ರ ಓದಿಯಾಗಿತ್ತು, ತಟ್ಟೆಯಲ್ಲಿದ್ದದ್ದು ಇನ್ನೂ ಓದದ ಪಾಲು. ಇದು ಅಂವ ತೆಗೆದದ್ದೇನು ಎಂದು ಕೇಳಿದರು. ಹೌದೆಂದೆ. ಮುಟ್ಟಬಹುದೇ ಎಂದು ಕೇಳಿ, ಬೇಡ ಎನ್ನುವ ಮೊದಲೇ ಕೈ ಹಿಂದಕ್ಕೆ ತೆಗೆದುಕೊಂಡರು.

"ಇಷ್ಟಾ ಬೆಳಕು?" ಎಂದರು.

"ಇಷ್ಟೇ ಅತ್ತಿ."

"ಇಷ್ಟರಾಗ ಕುಂತಿದ್ದ."

ಗೋಡೆಯ ಮೇಲೆ ಅವರ ನೆರಳು ಸರಿಯಾಗಿ ಮೂಡುತ್ತಿರಲಿಲ್ಲ. ಬಿಳಿ ದೀಪ ಎಲ್ಲಿದೆ ಎಂದು ಕೇಳಿದರು. ನನ್ನ ಭುಜದ ಪಕ್ಕದ ಮುಚ್ಚಳ ತೋರಿಸಿದೆ.

"ಹಚ್ಚು," ಎಂದರು. "ಒಂದ ಗಳಿಗಿ. ಅಂವ ಹಚ್ಚಲಿಲ್ಲ, ನೀನರ ಹಚ್ಚು. ನನ್ನ ಕಣ್ಣಿಗೆ ಒಮ್ಮಿ ಆ ಬೆಳಕ ಬೀಳಲಿ."

ಕೈ ಎತ್ತಿದರೆ ಸ್ವಿಚ್ಚು ಸಿಗುತ್ತಿತ್ತು. ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಉತ್ತರ ಸಿಕ್ಕಾಗಿತ್ತು, ಸಮಿತಿ ಒಪ್ಪಿಯಾಗಿತ್ತು. ಎಪ್ಪತ್ತು ದಾಟಿದ ಹೆಂಗಸು ಒಂಬತ್ತು ವರ್ಷದಲ್ಲಿ ನನ್ನಿಂದ ಕೇಳಿದ್ದು ಇದೊಂದೇ. ಇದೆಲ್ಲ ನನಗೆ ಹೊಳೆದದ್ದು ಆಮೇಲೆ. ಆ ಹೊತ್ತಿಗೆ ನಾನು ಏನನ್ನೂ ತೂಗಲಿಲ್ಲ. ಬಾಯಿಂದ ಮಾತು ಹೊರಟುಹೋಗಿತ್ತು.

"ಬರಂಗಿಲ್ಲ ಅತ್ತಿ. ಮರಳು ಕೆಡ್ತದ."

ಅತ್ತೆ ನನ್ನ ಕಡೆ ತಿರುಗಿದರು. ಆ ಬೆಳಕಿನಲ್ಲಿ ಅವರ ಮುಖದಲ್ಲಿ ಏನಿತ್ತೆಂದು ಓದಲು ನನಗಾಗಲಿಲ್ಲ. ತಟ್ಟೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ನೀನೂ ವಿಚಾರ ಮಾಡಲಿಲ್ಲ ನೋಡು. ಅಂವನೂ ಹಿಂಗ ಇದ್ದಿರಬೇಕು," ಎಂದರು.

ಆಮೇಲೆ ಗೋಡೆಗೆ ಕೈ ಊರಿ ನಿಧಾನವಾಗಿ ನೆಲಕ್ಕೆ ಕುಳಿತು, ಸೆರಗನ್ನು ಬಾಯಿಗಿಟ್ಟುಕೊಂಡು, ಮಗ ಸತ್ತ ಸುದ್ದಿ ಈಗಷ್ಟೇ ಬಂದವರ ಹಾಗೆ ಅಳತೊಡಗಿದರು. ನಾನು ಪಕ್ಕದಲ್ಲಿ ಕುಳಿತೆ. ದೀಪ ಹಚ್ಚಲಿಲ್ಲ.